ಒಕ್ಕಲು ಬಾರದ ಹೊಸ ಊರು

ಈಜಿಪ್ಟ್ ದೇಶಕ್ಕೆ ಹೋದವರು ಲಕ್ಸರನ್ನು ನೋಡದೆ ಹಿಂದಿರುಗುವುದು ವಿರಳ. ನೈಲ್ ನದಿಯ ಮೂಡಣ ದಡದಲ್ಲಿ ಕಾರ್ನಾಕಿನ ಮಹಾದೇಗುಲ. ಪಡುವಣ ದಡದಲ್ಲಿ ಫೇರೋ ದೊರೆಗಳ ಸಮಾಧಿಗಳು. ಸೂರ್ಯನು ಮುಳುಗುವ ದಿಕ್ಕು ಸತ್ತವರದು ಎಂಬುದು ಆ ನಾಡಿನ ಪ್ರಾಚೀನರ ನಂಬಿಕೆ. ಇಂದಿಗೂ ಪ್ರವಾಸಿಗರು ಬೆಳಗ್ಗೆ ಎದ್ದು ದೋಣಿಯಲ್ಲಿ ನದಿಯನ್ನು ದಾಟಿ, ಬಾಡಿಗೆಯ ಕಾರು ಹಿಡಿದು ಆ ಸತ್ತವರ ಸೀಮೆಯತ್ತಲೇ ಧಾವಿಸುತ್ತಾರೆ. ದಾರಿಯ ಎರಡೂ ಕಡೆ ಕಬ್ಬಿನ ಗದ್ದೆಗಳು. ನಮ್ಮ ಮಂಡ್ಯದ ಕಡೆಯವರಿಗೆ ಆ ದಾರಿ ಪರದೇಶದ್ದೆನಿಸಲಾರದು. ಇನ್ನು ಸ್ವಲ್ಪ ದೂರ ಹೋದರೆ ಮೆಮ್ನಾನನವೆಂದು ಹೆಸರಾದ ಜೋಡಿ ವಿಗ್ರಹಗಳು, ಅವುಗಳಾಚೆ ಬೋಳುಗುಡ್ಡ.

ಆ ವಿಗ್ರಹಗಳನ್ನು ಮುಟ್ಟುವ ಮೊದಲೇ, ರಸ್ತೆಯ ಪಕ್ಕದಲ್ಲಿ ಒಂದು ಊರು ಸಿಗುತ್ತದೆ. ಅದರ ಹೆಸರು ಹೊಸ ಗುರ್ನಾ. ಕಾರು ನಿಲ್ಲಿಸೆಂದು ಕೇಳಿದಾಗ ನಮ್ಮ ಚಾಲಕನಿಗೆ ಆಶ್ಚರ್ಯವಾಯಿತು. "ಅಲ್ಲಿ ಸಮಾಧಿ ಏನೂ ಇಲ್ಲವಲ್ಲ!" ಎಂದ. ಆತ ಹೇಳಿದ್ದು ನಿಜ. ಅಲ್ಲಿರುವುದು ಬದುಕಿರುವವರಿಗಾಗಿ ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಕೆಲವು ಮನೆಗಳು, ಒಂದು ಮಸೀದಿ, ಒಂದು ಪುಟ್ಟ ರಂಗಮಂದಿರ, ಖಾನ್ ಎಂಬ ಕುಶಲಕರ್ಮಿಗಳ ಛತ್ರ. ಆದರೆ ಪ್ರಪಂಚದ ವಾಸ್ತುಶಿಲ್ಪ ಶಾಲೆಗಳಲ್ಲಿ ಕಲಿಯುವ ಹುಡುಗರಿಗೆ ಎಷ್ಟೋ ಪಿರಮಿಡ್ಡುಗಳಿಗಿಂತ ಈ ಊರಿನ ಪರಿಚಯವೇ ಹೆಚ್ಚು. ಇದನ್ನು ಕಟ್ಟಿಸಿದವರು ಹಸನ್ ಫಾತಿ. ಯಾರಿಗಾಗಿ ಕಟ್ಟಿಸಿದರೋ ಅವರು ಇದರಲ್ಲಿ ವಾಸಿಸಲು ಬರಲಿಲ್ಲ.

ಫಾತಿಯವರು 1900ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವರು. ಅನುಕೂಲಸ್ಥರ ಮನೆತನ, ಹಳ್ಳಿಯಲ್ಲಿ ಜಮೀನಿತ್ತು. ತಂದೆಗೆ ಹಳ್ಳಿಯೆಂದರೆ ನೊಣ, ಧೂಳು, ರೋಗ. ಹೋಗಬೇಕೆಂದು ಎಂದೂ ಅನಿಸಿದವರಲ್ಲ. ತಾಯಿಗೆ ಹಳ್ಳಿಯೆಂದರೆ ಸ್ವರ್ಗ. ತಮ್ಮ ಬಾಲ್ಯದ ಹಳ್ಳಿಯ ಕತೆಗಳನ್ನು ಮಕ್ಕಳಿಗೆ ಹೇಳುತ್ತಿದ್ದರು. ಇಬ್ಬರ ಮಾತನ್ನೂ ಕೇಳಿ ಬೆಳೆದ ಮಗ ಇಪ್ಪತ್ತೇಳು ವರ್ಷದವನಾಗುವವರೆಗೆ ತಮ್ಮದೇ ಜಮೀನಿನಲ್ಲಿ ಕಾಲಿಟ್ಟಿರಲಿಲ್ಲ. ಕಾಲಿಟ್ಟ ದಿನ ಕಂಡದ್ದು ತಾಯಿಯ ಸ್ವರ್ಗವಲ್ಲ. ಒಕ್ಕಲಿನವರ ಕೊಳಕು ಗುಡಿಸಲುಗಳು. ಈ ದುಃಸ್ಥಿತಿಗೆ ತಾವೂ ಹೊಣೆಗಾರರೆಂದು ಅವರಿಗೆ ತೋರಿತು. ಅಷ್ಟು ಹೊತ್ತಿಗೆ ಅವರು ಕೈರೋದಲ್ಲಿ ವಾಸ್ತುಶಿಲ್ಪದ ಪದವಿ ಪಡೆದಿದ್ದರು. 1930ರಿಂದ ಅಲ್ಲಿನ ಲಲಿತಕಲಾ ವಿದ್ಯಾಲಯದಲ್ಲಿ ಅಧ್ಯಾಪಕರಾದರು.

ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಮಣ್ಣಿನ ಮನೆ ಹೊಸತಲ್ಲ. ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಎಲ್ಲಕ್ಕೂ ಮೇಲೆ ಮಣ್ಣಿನ ಮೇಲುಮುದ್ದೆ. ಈಜಿಪ್ಟಿನ ರೈತನಿಗೂ ಗೋಡೆಯ ಮಣ್ಣು ಕಾಲ ಕೆಳಗೇ ಇದೆ. ಆದರೆ ತೊಲೆ ಜಂತೆಗಳಿಗೆ ಮರವೆಲ್ಲಿ? ನೈಲ್ ನದಿಯ ಎರಡು ಅಂಚಿನ ಹಸುರನ್ನು ಬಿಟ್ಟರೆ ಮಿಕ್ಕದ್ದೆಲ್ಲ ಮರಳು. ಬಡವನು ಗೋಡೆಯನ್ನು ಪುಕ್ಕಟೆಯಾಗಿ ಎಬ್ಬಿಸಬಲ್ಲ, ಚಾವಣಿಗೆ ಬಂದಾಗ ಸಾಲ ಮಾಡಬೇಕು. ಎರಡನೆಯ ಮಹಾಯುದ್ಧ ಬಂದ ಮೇಲಂತೂ ಹೊರಗಿನಿಂದ ಬರುತ್ತಿದ್ದ ಮರವೂ ಉಕ್ಕೂ ನಿಂತುಹೋದವು.

ಮಣ್ಣಿನ ಇಟ್ಟಿಗೆಯಿಂದಲೇ ಕಮಾನು ಹೊದಿಸಿದರೆ ಮರ ಬೇಕಿಲ್ಲವಲ್ಲ ಎಂದು ಫಾತಿಯವರು ಪ್ರಯೋಗ ಆರಂಭಿಸಿದರು. ಕಮಾನುಗಳು ಕುಸಿದುಬಿದ್ದವು. ಮತ್ತೆ ಕಟ್ಟಿಸಿದರು, ಮತ್ತೆ ಬಿದ್ದವು. ಕಮಾನು ಕಟ್ಟುವಾಗ ಇಟ್ಟಿಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವವರೆಗೆ ಕೆಳಗಿನಿಂದ ಮರದ ಅಚ್ಚಿನ ಆಸರೆ ಕೊಡಬೇಕು. ಆ ಅಚ್ಚಿಗೂ ಮರವಿಲ್ಲ! ಪುಸ್ತಕಗಳಲ್ಲಿ ಉತ್ತರ ಸಿಗಲಿಲ್ಲ. ಅಸ್ವಾನ್ ಅಣೆಕಟ್ಟಿನ ಕೆಲಸದಲ್ಲಿದ್ದ ಅವರ ಅಣ್ಣ, "ನೂಬಿಯಾದ ಜನ ಆಸರೆಯಿಲ್ಲದೆಯೇ ಕಮಾನು ಕಟ್ಟುತ್ತಾರಲ್ಲ" ಎಂಬರ್ಥದ ಮಾತನ್ನು ಆಡಿದರಂತೆ. 1941ರಲ್ಲಿ ಫಾತಿಯವರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಸ್ವಾನಿಗೆ ಹೊರಟರು.

ಅಲ್ಲಿ, ನದಿಯ ಪಶ್ಚಿಮದ ಹಳ್ಳಿಯಲ್ಲಿ, ಬೀದಿಗೆ ಬೀದಿಯೇ ಕಮಾನು ಚಾವಣಿಯ ಮನೆಗಳು! ಸುಣ್ಣ ಬಳಿದು, ಬಣ್ಣ ಬರೆದು, ಅಚ್ಚುಕಟ್ಟಾಗಿ ಇಟ್ಟಿದ್ದ ಮನೆಗಳು. ಆ ಕೆಲಸ ಬಲ್ಲ ಗಾರೆಯವರನ್ನು ಹುಡುಕಿಸಿ ಎದುರಿಗೇ ಕಟ್ಟಿಸಿ ನೋಡಿದರು. ಪ್ರಾಧ್ಯಾಪಕರು ಕೈಕಟ್ಟಿ ನಿಂತು ಕಲಿತದ್ದನ್ನು ಓದುಗರೂ ಸ್ವಲ್ಪ ಗಮನಿಸಬೇಕು. ಇಟ್ಟಿಗೆ 25 ಸೆಂಟಿಮೀಟರ್ ಉದ್ದ, 15 ಅಗಲ, ದಪ್ಪ ಮಾತ್ರ 5. ಹಗುರವಾಗಲೆಂದು ಮಣ್ಣಿಗೆ ಹೆಚ್ಚು ಹುಲ್ಲು ಕಲಸುತ್ತಾರೆ. ಹಸಿಯಾಗಿರುವಾಗಲೇ ಅಗಲದ ಮುಖದ ಮೇಲೆ ಬೆರಳಿನಿಂದ ಎರಡು ಓರೆಗೆರೆ ಎಳೆಯುತ್ತಾರೆ. ಕೆಸರಿನ ಗಾರೆಗೆ ಇಟ್ಟಿಗೆ ಅಂಟಿಕೊಳ್ಳುವುದು ಆ ಗೆರೆಗಳ ಹಿಡಿತದಿಂದ. ಕೋಣೆಯ ಒಂದು ತುದಿಯ ಗೋಡೆಯನ್ನು ಎತ್ತರಿಸಿ, ಅದರ ಮೇಲೆ ಕೆಸರಿನಿಂದ ಕಮಾನಿನ ಆಕಾರವನ್ನು ಕಣ್ಣಳತೆಯಲ್ಲೇ ಮೆತ್ತುತ್ತಾರೆ. ಅಳತೆಪಟ್ಟಿ ಇಲ್ಲ, ನಕ್ಷೆ ಇಲ್ಲ. ಕೈಯಲ್ಲಿರುವುದು ಒಂದು ಬಾಚಿ. ಬಳಿಕ ಇಟ್ಟಿಗೆಗಳ ಮೊದಲ ವರಸೆಯನ್ನು ಆ ಗೋಡೆಗೆ ಒರಗಿಸಿ ಇಡುತ್ತಾರೆ. ಎರಡನೆಯದು ಮೊದಲನೆಯದಕ್ಕೆ ಒರಗುತ್ತದೆ, ಮೂರನೆಯದು ಎರಡನೆಯದಕ್ಕೆ. ಕಪಾಟಿನಲ್ಲಿ ಪುಸ್ತಕಗಳು ವಾಲಿಕೊಂಡು ನಿಲ್ಲುವುದಿಲ್ಲವೆ, ಹಾಗೆ. ಬೀಳಬೇಕಾದ ಇಟ್ಟಿಗೆಗೆ ಹಿಂದಿನ ಇಟ್ಟಿಗೆಯೇ ಆಸರೆ. ಮೂರು ಮೀಟರ್ ಅಗಲದ ಕೋಣೆಗೆ ಇಬ್ಬರು ಗಾರೆಯವರು ಒಂದೂವರೆ ದಿನದಲ್ಲಿ ಚಾವಣಿ ಹೊದಿಸಿ ಕೆಳಗಿಳಿದರು.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಲಕ್ಸರಿನ ಪಡುವಣ ದಡದಲ್ಲೇ ಎರಡನೆಯ ರಾಮ್ಸೆಸ್ ದೊರೆಯ ದೇಗುಲವಿದೆ. ಅದರ ಹಿಂದೆ ಹಸಿ ಇಟ್ಟಿಗೆಯ ಕಣಜಗಳ ಸಾಲು. ಸುಮಾರು 3,200 ವರ್ಷಗಳಿಂದ ಬಿಸಿಲಿನಲ್ಲಿ ನಿಂತಿರುವ ಆ ಕಮಾನುಗಳನ್ನು ನಾವು ಮುಟ್ಟಿ ನೋಡಿದೆವು. ಅದೇ ಓರೆ ವರಸೆ, ಅದೇ ಬೆರಳಿನ ಗೆರೆ. ಪ್ರವಾಸಿಗರು ಮುಂದಿನ ಕಲ್ಲುಕಂಬಗಳ ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ. ಹಿಂದಿನ ಕಣಜದ ಕಡೆಗೆ ಬರುವವರು ಕಡಮೆ.

ಈಗ ಗುಡ್ಡದ ಕತೆಗೆ ಬರೋಣ. ಹಳೆಯ ಗುರ್ನಾ ಊರು ಆ ಬೋಳುಗುಡ್ಡದ ಇಳಿಜಾರಿನಲ್ಲಿ, ಪ್ರಾಚೀನ ಅಧಿಕಾರಿಗಳ ಸಮಾಧಿಗಳ ಮೇಲೆಯೇ ಇತ್ತು. ಸುಮಾರು 7,000 ಜನ. ಅಲ್ಲಿ ಕುಡಿಯುವ ನೀರೇ ಇರಲಿಲ್ಲ. ಕೆಳಗಿನಿಂದ ಕತ್ತೆಗಳ ಮೇಲೆ ಹೇರಿ ತರಬೇಕಾಗಿತ್ತು. ಆದರೂ ಜನ ಅಲ್ಲಿಯೇ ಇದ್ದರು. ಮನೆಯ ಹಿತ್ತಿಲ ಗೋಡೆಯಾಚೆಗೆ ಸಮಾಧಿ, ಸಮಾಧಿಯೊಳಗೆ ಸಂಪತ್ತು. ಈ ಊರಿನ ಅಬ್ದ್ ಎಲ್ ರಸೂಲ್ ಮನೆತನದವರು 1871ರ ಸುಮಾರಿಗೆ ಅರಸರ ಮಮ್ಮಿಗಳನ್ನೇ ಗುಪ್ತವಾಗಿ ಇಟ್ಟಿದ್ದ ಗವಿಯೊಂದನ್ನು ಕಂಡುಹಿಡಿದು, ಹತ್ತು ವರ್ಷ ಸರ್ಕಾರಕ್ಕೆ ಸುಳಿವು ಕೊಡದೆ ಒಂದೊಂದೇ ವಸ್ತುವನ್ನು ಮಾರಿದ್ದು ಜಗತ್ಪ್ರಸಿದ್ಧ. ಎಲ್ಲರೂ ಕಳ್ಳರೆಂದು ಹೇಳುವುದು ಅನ್ಯಾಯ. ಉತ್ಖನನದ ಪಂಡಿತರಿಗೆ ಕೂಲಿಗಳು, ಪ್ರವಾಸಿಗರಿಗೆ ಮಾರ್ಗದರ್ಶಿಗಳು, ಹಳೆಯದೆಂದು ಹೊಸ ಬೊಂಬೆ ಮಾರುವ ಜಾಣರು, ಎಲ್ಲರೂ ಇದ್ದರು. 1940ರ ದಶಕದಲ್ಲಿ ಬಂಡೆಯಲ್ಲಿ ಕೆತ್ತಿದ್ದ ಹೆಸರಾಂತ ಶಿಲ್ಪವೊಂದು ಇಡಿಯಾಗಿ ಕಳುವಾಯಿತು. ಪ್ರಾಚ್ಯವಸ್ತು ಇಲಾಖೆ ಇನ್ನು ಸುಮ್ಮನಿರಲಾರದೆ, ಊರನ್ನೇ ಗುಡ್ಡದಿಂದ ಇಳಿಸಲು ತೀರ್ಮಾನಿಸಿತು. ಕೆಳಗೆ 50 ಎಕರೆ ನೆಲ ಕೊಂಡಿತು. ಕಡಿಮೆ ಖರ್ಚಿನಲ್ಲಿ ಊರು ಕಟ್ಟಬಲ್ಲವರು ಯಾರೆಂದು ಹುಡುಕಿದಾಗ ಕಣ್ಣಿಗೆ ಬಿದ್ದವರು ಮಣ್ಣಿನ ಮನೆಗಳ ಫಾತಿಯವರು.

ಮೇಷ್ಟರಿಗೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕೆ? ಒಂಬೈನೂರು ಕುಟುಂಬಗಳಿಗೆ ಒಂದೇ ನಕ್ಷೆಯ ಒಂಬೈನೂರು ಪೆಟ್ಟಿಗೆಗಳನ್ನು ಸಾಲುಗಟ್ಟಿ ನಿಲ್ಲಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಣವಂತನೊಬ್ಬ ಮನೆ ಕಟ್ಟಿಸುವಾಗ ವಾಸ್ತುಶಿಲ್ಪಿ ಹತ್ತು ಬಾರಿ ನಕ್ಷೆ ತಿದ್ದುತ್ತಾನೆ; ಬಡವರಾದರೆ ಒಂದೇ ನಕ್ಷೆಯನ್ನು ಲಕ್ಷದಿಂದ ಗುಣಿಸುತ್ತಾನೆ; ಇದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಆ ಸೀಮೆಯಲ್ಲಿ ಬದಾನಾ ಎಂಬ ವ್ಯವಸ್ಥೆಯುಂಟು: ಹತ್ತಿಪ್ಪತ್ತು ದಾಯಾದಿ ಮನೆಗಳು ಒಬ್ಬ ಹಿರಿಯನ ಮಾತಿಗೆ ಕಟ್ಟುಬಿದ್ದು ಒಟ್ಟಿಗೆ ಬಾಳುವುದು. ಅಂತಹ ಒಂದೊಂದು ಗುಂಪಿಗೆ ಒಂದೊಂದು ಅಂಗಳವಿಟ್ಟು ಸುತ್ತಲೂ ಮನೆಗಳನ್ನು ಹಾಕಿದರು. ದನಕ್ಕೆ ಕೊಟ್ಟಿಗೆ, ನಡುವೆ ತೊಟ್ಟಿ, ಮಲಗಲು ಗುಮ್ಮಟದ ಕೋಣೆ. ಅಸ್ವಾನಿನ ಗಾರೆಯವರನ್ನು ಕರೆಸಿ, ಊರ ಹುಡುಗರನ್ನು ಅವರ ಕೈಕೆಳಗೆ ಬಿಟ್ಟರು. ಕಟ್ಟಡ ಮುಗಿಯುವುದರೊಳಗೆ ಊರಿನಲ್ಲೇ ಗಾರೆಯವರು ತಯಾರಾಗಬೇಕು, ಮುಂದೆ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುವಂತಾಗಬೇಕು ಎಂಬುದು ಹಂಚಿಕೆ. ಬಾಲಕರ ಶಾಲೆಯಲ್ಲಿ ಗಾಳಿ ಹಿಡಿಯುವ ಗೋಪುರವನ್ನು ಎತ್ತಿ, ಒಳಬರುವ ಗಾಳಿಗೆ ಒದ್ದೆ ಇದ್ದಲಿನ ತಡೆಯಿಟ್ಟರು. ನಮ್ಮವರು ಲಾವಂಚದ ತಟ್ಟಿಗೆ ನೀರೆರಚುವ ಉಪಾಯವೇ. ಒಳಗಿನ ಬಿಸಿ ಹತ್ತು ಡಿಗ್ರಿಯಷ್ಟು ಇಳಿಯಿತೆಂದು ಅವರೇ ದಾಖಲಿಸಿದ್ದಾರೆ.

ಇಷ್ಟೊಂದು ಅಕ್ಕರೆಯಿಂದ ಯೋಚಿಸಿದವರ ಯೋಚನೆಯಲ್ಲೂ ಒಂದು ಕಡೆ ನಮಗೆ ಮುಳ್ಳು ಚುಚ್ಚಿತು. ಮನೆಮನೆಗೆ ನಲ್ಲಿ ಹಾಕಿಸಿದರೆ ಹೆಣ್ಣುಮಕ್ಕಳು ನೀರಿಗೆ ಬರುವುದು ನಿಲ್ಲುತ್ತದೆ. ಮದುವೆಯ ವಯಸ್ಸಿನ ಹುಡುಗಿಯನ್ನು ಹುಡುಗ ಕಾಣುವ ಅವಕಾಶವೇ ಆ ಸಮಾಜದಲ್ಲಿ ಅದೊಂದು. ಅದೂ ತಪ್ಪಿದರೆ ಹೇಗೆ, ಎಂದು ಅವರು ತಮ್ಮ ಗ್ರಂಥದಲ್ಲಿ ಚಿಂತಿಸಿದ್ದಾರೆ. ಬಾವಿಕಟ್ಟೆಯ ಸೊಗಸನ್ನು ನಮ್ಮ ಕವಿಗಳೂ ಬಣ್ಣಿಸಿದ್ದುಂಟು. ಆದರೆ ತುಂಬಿದ ಕೊಡವನ್ನು ತಲೆಯ ಮೇಲೆ ಹೊರುವವಳು ಈ ಚಿಂತೆಗೆ ಏನೆನ್ನುತ್ತಿದ್ದಳೋ! ಬಡವರ ಬದುಕಿನ ಚೆಲುವನ್ನು ಕಾಣಬಲ್ಲ ಕಣ್ಣಿಗೆ ಅವರ ದಣಿವು ಒಮ್ಮೊಮ್ಮೆ ಕಾಣದೆ ಹೋಗುತ್ತದೆ.

ಕೆಲಸ 1945–46ರಲ್ಲಿ ಆರಂಭವಾಯಿತು. ಇಲಾಖೆಯ ಕಾಗದಪತ್ರಗಳ ಕಾಟ ಒಂದು ಕಡೆ. ಊರವರ ವೈರ ಇನ್ನೊಂದು ಕಡೆ. ಗುಡ್ಡದವರಿಗೆ ಇಳಿದು ಬರುವ ಮನಸ್ಸಿರಲಿಲ್ಲ. ಗುಡ್ಡವೆಂದರೆ ಅವರ ಅನ್ನ. ಮೇಲಾಗಿ ಗುಮ್ಮಟವೆಂದರೆ ಆ ಸೀಮೆಯಲ್ಲಿ ಸಂತರ ಗೋರಿಯ ಗುರುತು. ಸತ್ತವರ ಮನೆಯಲ್ಲಿ ಬದುಕಿದವರು ಮಲಗುವುದೆ, ಎಂದು ಅವರು ಅಂದರೆಂಬ ಮಾತು ಈಗಲೂ ಪ್ರಚಾರದಲ್ಲಿದೆ. ಸಾವಿರಾರು ವರ್ಷದ ಸಮಾಧಿಗಳ ಮೇಲೆ ಸಂಸಾರ ಹೂಡಿದ್ದವರ ಬಾಯಲ್ಲಿ ಈ ಮಾತು ವಿಚಿತ್ರವೇ ಸರಿ. ಇಷ್ಟವಿಲ್ಲದ ಕಡೆ ನೆಪಕ್ಕೇನು ಬರ! ಹೊಸ ಊರಿನ ನೆಲ ತಗ್ಗಿನದು. ನೈಲ್ ನದಿಯ ವಾರ್ಷಿಕ ಪ್ರವಾಹ ನುಗ್ಗದಂತೆ ಸುತ್ತ ಏರಿ ಹಾಕಿತ್ತು. ಪ್ರವಾಹದ ಕಾಲದಲ್ಲಿ ಆ ಏರಿಯನ್ನು ಯಾರೋ ಬೇಕೆಂದೇ ಒಡೆದರು. ಕಟ್ಟುತ್ತಿದ್ದ ಊರಿನೊಳಗೆ ನೀರು ನುಗ್ಗಿತು. ಮಣ್ಣಿನ ಊರಿಗೆ ನೀರಿಗಿಂತ ದೊಡ್ಡ ಶತ್ರುವಿಲ್ಲವೆಂದು ಒಡೆದವರಿಗೆ ಗೊತ್ತಿತ್ತು. ದಶಕ ಮುಗಿಯುವುದರೊಳಗೆ ಸರ್ಕಾರವೂ ಕೈಬಿಟ್ಟಿತು. ಕಟ್ಟಿದ್ದು ಉದ್ದೇಶದ ಒಂದು ಸಣ್ಣ ಪಾಲು.

ಫಾತಿಯವರು ಕಾಲೇಜಿಗೆ ಹಿಂದಿರುಗಿ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾದರು. 1957ರಲ್ಲಿ ದೇಶ ಬಿಟ್ಟು ಕೆಲವು ವರ್ಷ ಅಥೆನ್ಸಿನಲ್ಲಿದ್ದು ಬಂದರು. ಸೋಲಿನ ಲೆಕ್ಕವನ್ನು ಮುಚ್ಚಿಡದೆ ಬರೆದರು. ಆ ಗ್ರಂಥದ ಹೆಸರಿನದೇ ಒಂದು ಕತೆ. 1969ರಲ್ಲಿ ಕೈರೋದಲ್ಲಿ ಹೊರಬಂದಾಗ ಅದು 'ಗುರ್ನಾ: ಎರಡು ಹಳ್ಳಿಗಳ ಕತೆ'. ಮರುವರ್ಷ ಫ್ರೆಂಚ್ ಭಾಷೆಗೆ ಹೋದಾಗ 'ಜನರೊಡನೆ ಕಟ್ಟುವುದು'. 1973ರಲ್ಲಿ ಅಮೆರಿಕದಲ್ಲಿ ಅಚ್ಚಾದಾಗ 'ಬಡವರಿಗಾಗಿ ವಾಸ್ತುಶಿಲ್ಪ'. ಜನರೊಡನೆಯೋ, ಬಡವರಿಗಾಗಿಯೋ? ಹೊಸ ಗುರ್ನಾದ ಬೀದಿಯಲ್ಲಿ ನಿಂತವರ ತಲೆಯಲ್ಲಿ ಈ ಎರಡು ಹೆಸರುಗಳೂ ಜಗಳವಾಡುತ್ತವೆ. ಅವರ ಮನಸ್ಸು ಮೊದಲನೆಯದರ ಕಡೆಗಿತ್ತು. ಅವರ ಕೈಗೆ ಸರ್ಕಾರ ಕೊಟ್ಟಿದ್ದ ಕೆಲಸ ಎರಡನೆಯದು. ಬರಲೊಲ್ಲದ ಜನರೊಡನೆ ಯಾರು ತಾನೇ ಕಟ್ಟಬಲ್ಲರು?

ಆದರೂ ಶೋಧನೆಯನ್ನು ಬಿಡಲಿಲ್ಲ. 1964ರಲ್ಲಿ ಕೈರೋದ ಕಟ್ಟಡ ಸಂಶೋಧನಾ ಕೇಂದ್ರದ ಆವರಣದಲ್ಲಿ ಎರಡು ಮಾದರಿ ಕೋಣೆಗಳನ್ನು ಕಟ್ಟಿ ತಾಪ ಅಳೆದರು. ಮಣ್ಣಿನ ಕೋಣೆಯೊಳಗೆ ಹಗಲೂ ರಾತ್ರಿಯೂ 21ರಿಂದ 23 ಡಿಗ್ರಿ. ಕಾಂಕ್ರೀಟಿನ ಕೋಣೆಯೊಳಗೆ ಏರಿದ್ದು 36. ಅಂದರೆ ಹೊರಗಿನ ಬಯಲಿಗಿಂತಲೂ 9 ಡಿಗ್ರಿ ಹೆಚ್ಚು! ಇಷ್ಟು ಲೆಕ್ಕ ಕೈಯಲ್ಲಿರುವಾಗಲೇ, ಅದೇ ಕಾಲದಲ್ಲಿ, ಅಸ್ವಾನಿನ ಮಹಾ ಅಣೆಕಟ್ಟಿನ ನೀರಿಗೆ ನೂಬಿಯಾ ಮುಳುಗಿತು. 1963–64ರಲ್ಲಿ ಸುಮಾರು 50,000 ನೂಬಿಯನ್ನರನ್ನು ಎಬ್ಬಿಸಿ ಕೋಮ್ ಒಂಬೋ ಬಯಲಿನ ಸರ್ಕಾರಿ ಮನೆಗಳ ಸಾಲಿಗೆ ಸಾಗಿಸಿದರು. ಮರವಿಲ್ಲದೆ ಚಾವಣಿ ಹೊದಿಸುವುದನ್ನು ಬಲ್ಲ ಜನಕ್ಕೆ ಕಾಂಕ್ರೀಟಿನ ಚಾವಣಿ.

ಕೊನೆಗಾಲದಲ್ಲಿ ಫಾತಿಯವರು ಕೈರೋ ಕೋಟೆಯ ಸಮೀಪದ ದರ್ಬ್ ಅಲ್ ಲಬ್ಬಾನಾ ಗಲ್ಲಿಯ ಹಳೆಯ ಮನೆಯೊಂದರಲ್ಲಿ ಬೆಕ್ಕುಗಳ ಜೊತೆಗೆ ಇದ್ದರು. ದೇಶದೇಶದ ವಿದ್ಯಾರ್ಥಿಗಳು ಆ ಮಹಡಿ ಹತ್ತಿ ಬರುತ್ತಿದ್ದರು. 1980ರಲ್ಲಿ ದೊಡ್ಡ ಅಂತರರಾಷ್ಟ್ರೀಯ ಪುರಸ್ಕಾರಗಳು ಒಟ್ಟಿಗೆ ಬಂದವು. 1989ರಲ್ಲಿ ತೀರಿಕೊಂಡರು. ಅವರು ಅಸ್ವಾನಿನಿಂದ ಹೊತ್ತು ತಂದ ಕಮಾನು ಇಂದು ನಮ್ಮ ಆರೋವಿಲ್ಲಿನಲ್ಲೂ ಕಲಿಸುವ ವಿದ್ಯೆಯಾಗಿದೆ. ಆಫ್ರಿಕದ ಬುರ್ಕಿನಾ ಫಾಸೋ ದೇಶದಲ್ಲಿ 2000ದಲ್ಲಿ ಹುಟ್ಟಿದ ಸಂಸ್ಥೆಯೊಂದು, ಬೇಸಾಯವಿಲ್ಲದ ತಿಂಗಳುಗಳಲ್ಲಿ ರೈತ ಯುವಕರಿಗೆ ಇದೇ ಕೆಲಸವನ್ನು ಕಲಿಸಿ ಗಾರೆಯವರನ್ನಾಗಿ ಮಾಡುತ್ತಿದೆ. ಅವರಿಗೆ ಗುರ್ನಾದವರಂತೆ ಯಾರೂ ಊರು ಬಿಡೆಂದು ಹೇಳಿಲ್ಲ.

ನಾವು ಹೋದಾಗ ಮಸೀದಿಯ ಬಾಗಿಲು ತೆರೆದಿತ್ತು. ಹೊರಗಿನಿಂದಲೇ ಮಿನಾರಿಗೆ ಏರಿಹೋಗುವ ನೇರ ಮೆಟ್ಟಿಲಸಾಲು ಅದರ ವೈಶಿಷ್ಟ್ಯ. ಬಿಸಿಲಿನಲ್ಲಿ ಅದರ ನೆರಳು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಒಳಗೆ ಕಾಲಿಟ್ಟೊಡನೆ ತಣ್ಣಗಾಯಿತು. ಇದುವರೆಗೂ ಪ್ರತಿದಿನ ಪ್ರಾರ್ಥನೆ ನಡೆಯುತ್ತಿರುವುದರಿಂದ ಇದೊಂದು ಚೆನ್ನಾಗಿ ಉಳಿದಿದೆ. ಖಾನ್ ಮತ್ತು ರಂಗಮಂದಿರಗಳ ಗತಿ ಕೆಟ್ಟಿತ್ತು; 2009ರಿಂದ ಯುನೆಸ್ಕೋ ಆಸಕ್ತಿ ವಹಿಸಿದ ಮೇಲೆ ಇವುಗಳ ಜೀರ್ಣೋದ್ಧಾರವಾಗಿದೆ. ಗಾಳಿಗೋಪುರದ ಬಾಲಕರ ಶಾಲೆ ಮಾತ್ರ ಉಳಿದಿಲ್ಲ. ಮಹಾ ಅಣೆಕಟ್ಟಿನ ತರುವಾಯ ನೆಲದಡಿಯ ನೀರು ಏರಿ, ಉಪ್ಪು ಗೋಡೆಗಳನ್ನು ತಿನ್ನುತ್ತಿದೆ. ಹಲವು ಮನೆಗಳು ಹೋಗಿ ಅಲ್ಲೆಲ್ಲ ಕಾಂಕ್ರೀಟು ಎದ್ದಿದೆ.

ಮೇಲಿನ ಗುಡ್ಡವೂ ಈಗ ಖಾಲಿ. ಅರುವತ್ತು ವರ್ಷ ಹಟ ಹಿಡಿದ ಹಳೆಯ ಗುರ್ನಾವನ್ನು 2006ರ ಕೊನೆಯಿಂದ ಮೊದಲುಮಾಡಿ ಯಂತ್ರಗಳು ಕೆಡವಿದವು. ಸಾವಿರಾರು ಕುಟುಂಬಗಳು ಉತ್ತರಕ್ಕೆ ಕೆಲವು ಕಿಲೋಮೀಟರ್ ದೂರದ ಸರ್ಕಾರಿ ಬಡಾವಣೆಗೆ ಹೋದವು. ಅಲ್ಲಿ ಮಣ್ಣೂ ಇಲ್ಲ, ಗುಮ್ಮಟವೂ ಇಲ್ಲ.

ಹೊಸ ಗುರ್ನಾದಲ್ಲಿ ಈಗ ಇರುವವರು ಗುಡ್ಡದವರಲ್ಲ, ಬಹುಪಾಲು ಆಮೇಲೆ ಬಂದು ನೆಲೆಸಿದವರು. ನಮ್ಮ ಜೊತೆಗಿದ್ದ ಲಕ್ಸರಿನ ವಿದ್ಯಾರ್ಥಿಯ ಮುಖಾಂತರ ಮಾತನಾಡಿಸಿದ ಮನೆಯೊಂದರ ಯಜಮಾನರು ಒಳಕ್ಕೆ ಕರೆದರು. ಮುಂಭಾಗ ಪೂರ್ತಿ ಕಾಂಕ್ರೀಟು. ಮಹಡಿಯ ಮೇಲೆ ಕಂಬಗಳಿಂದ ಉಕ್ಕಿನ ಸರಳುಗಳು ಆಕಾಶಕ್ಕೆ ಚಾಚಿಕೊಂಡಿದ್ದವು. ಗುಮ್ಮಟವನ್ನೇಕೆ ತೆಗೆಸಿದಿರಿ ಎಂದು ಕೇಳಿದೆವು. ಗೋರಿ ಗೀರಿ ಎಂಬ ಮಾತೇ ಅವರ ಬಾಯಿಂದ ಬರಲಿಲ್ಲ.

"ಗುಮ್ಮಟದ ಮೇಲೆ ಮತ್ತೊಂದು ಮನೆ ಕಟ್ಟಲಾಗುವುದೆ? ನನಗೆ ಮೂವರು ಗಂಡುಮಕ್ಕಳು. ಹಿರಿಯವನಿಗೆ ಮಹಡಿ ಆಯಿತು. ಇನ್ನಿಬ್ಬರಿಗೆ ಮದುವೆಯಾಗಬೇಕು" ಎಂದರು.

ಹಸನ್ ಫಾತಿಯವರ ಗ್ರಂಥವನ್ನು ನಾವು ಓದಿದ್ದೆವು. ಅದರ ಮೇಲಿನ ಟೀಕೆಗಳನ್ನೂ ಒಂದಷ್ಟು ಓದಿದ್ದೆವು. ಇಷ್ಟು ಸ್ಪಷ್ಟವಾದ ಕಾರಣ ಎಲ್ಲಿಯೂ ಕಣ್ಣಿಗೆ ಬಿದ್ದಿರಲಿಲ್ಲ. ಮನೆ ಎಂದರೆ ಒಂದು ಸಂಸಾರಕ್ಕಲ್ಲ, ಅದು ಬೆಳೆಯುವ ಸಂಸಾರಕ್ಕೆ.

ಚಹಾ ಕುಡಿಯದೆ ಹೋಗಕೂಡದೆಂದು ಅವರ ಒತ್ತಾಯ. ಮಹಡಿಯ ಹೊಸ ಕೋಣೆಯಲ್ಲಿ ಸೋಫಾ ಇತ್ತು, ಫ್ಯಾನು ತಿರುಗುತ್ತಿತ್ತು. ಐದು ನಿಮಿಷ ಕುಳಿತಿದ್ದೇವೋ ಇಲ್ಲವೋ, ಯಜಮಾನರು ಹಣೆಯ ಬೆವರೊರೆಸಿಕೊಂಡು ಎದ್ದರು. ಮಗನನ್ನು ಕೂಗಿ ಏನೋ ಹೇಳಿದರು. ಹುಡುಗ ತಟ್ಟೆಯನ್ನೆತ್ತಿಕೊಂಡು ಮುಂದೆ ನಡೆದ. ಮೆಟ್ಟಿಲಿಳಿದು, ಅಂಗಳ ದಾಟಿ, ಹಿತ್ತಿಲ ಕಡೆ ಇನ್ನೂ ಕೆಡವದೆ ಉಳಿಸಿದ್ದ ಗುಮ್ಮಟದ ಕೋಣೆಗೆ ಹೋದೆವು. ಅವರ ತಾಯಿ ಅಲ್ಲಿ ಚಾಪೆಯ ಮೇಲೆ ಮಲಗಿದ್ದವರು ಎದ್ದು ನಮಗೆ ಜಾಗ ಬಿಟ್ಟರು. ಸಣ್ಣ ಗಾಜಿನ ಲೋಟಗಳಲ್ಲಿ ಕಪ್ಪು ಚಹಾ, ಸಕ್ಕರೆ ವಿಪರೀತ. ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಅಲ್ಲಿಯೇ ಕುಳಿತಿದ್ದೆವು.